ಗಾಜಿನ ಮೇಲೆ ಚಿಕ್ಕಮ್ಮ

ಚೌಡಪ್ಪನ ಕ್ಷೌರದಂಗಡಿಯ ಬೋರ್ಡಿನಲ್ಲಿರುವ ಗಂಡಸಿಗೆ ಒಂದು ಕಾಲದಲ್ಲಿ ಅಲೆಅಲೆಯಾದ ತಲೆಗೂದಲಿತ್ತಂತೆ. ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದ ಯಾರೋ ಗಿರಾಕಿ ಬೇಸರಕ್ಕೆ, "ಕೂದಲು ಸ್ವಲ್ಪ ಜಾಸ್ತಿಯಾಯ್ತು" ಅಂದ. ಮರುದಿನ ಚೌಡಪ್ಪ ಅಂಗಡಿ ತೆಗೆಯುವಷ್ಟರಲ್ಲಿ ಬೋರ್ಡಿನವನ ಕೂದಲು ಕಡಿಮೆಯಾಗಿತ್ತು. ಇನ್ನೊಬ್ಬ ಬಂದು, "ಪಕ್ಕದಲ್ಲಿ ಇನ್ನೂ ತೆಗೀಬಹುದಿತ್ತು" ಅಂದ. ನನಗೆ ಬುದ್ಧಿ ಬರುವ ಹೊತ್ತಿಗೆ ಅವನು ಪೂರ್ತಿ ಬೋಳಾಗಿದ್ದ. ಆದರೂ ನಗುತ್ತಿದ್ದ. ನಗುವಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ನಮ್ಮೂರಿನಲ್ಲಿ ಚಿತ್ರಗಳು ಮಾತು ಕೇಳುತ್ತವೆ. ಕೈಯಿಂದ ಬರೆದವು ಮಾತ್ರ, ಫೋಟೋಗಳಿಗೆ ಕಿವಿಯಿಲ್ಲ. ನಾವು ಅದಕ್ಕೆ ತಕ್ಕ ಹಾಗೆ ಹೊಂದಿಕೊಂಡು ಬಾಳುತ್ತೇವೆ. ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆದರೆ ಬೀಗರು ಉಂಡು ಹೊರಡುವವರೆಗೂ ಅದರ ಮೇಲೆ ಪಂಚೆ ಇಳಿಬಿಡುತ್ತಾರೆ. ಶಾಲೆಯ ಗೋಡೆಯಲ್ಲೊಂದು ಆನೆಯಿದೆ. "ಸೊಂಡಿಲು ಇನ್ನೂ ಉದ್ದ, ಇನ್ನೂ ಉದ್ದ" ಎಂದು ಮಕ್ಕಳು ಕೂಗಿ ಕೂಗಿ ಅದೀಗ ಮೂಲೆ ತಿರುಗಿ ಹೆಡ್‌ಮಾಸ್ತರ ಕೋಣೆಯ ಬಾಗಿಲು ಮುಟ್ಟಿದೆ. ಅವರು ದಿನಾ ಅದನ್ನು ದಾಟಿ ಒಳಗೆ ಹೋಗುತ್ತಾರೆ.

ಮಾರುಕಟ್ಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ವಿಡಿಯೋ ಗೇಮಿನ ಯಂತ್ರವಿದೆ. ಬೇರೆ ಊರುಗಳಲ್ಲಿ ನಾಯಕ ನಾಯಕಿಯರು ಯಂತ್ರದ ಒಳಗೇ ತಯಾರಿರುತ್ತಾರೆ ಎಂದು ಕೇಳಿದ್ದೇನೆ. ನಮ್ಮದರಲ್ಲಿ ಬರೀ ಒಂದು ಗೋಪುರವಿದೆ. ಹತ್ತುವವರನ್ನು ನಾವೇ ಬರೆದುಕೊಂಡು ಹೋಗಬೇಕು. ಹಾಳೆಯನ್ನು ಯಂತ್ರದ ಮುಂದಿನ ಗಾಜಿನ ಮೇಲಿಟ್ಟರೆ ಅದರಲ್ಲಿರುವವರು ಪರದೆಯ ಮೇಲೆ ಎದ್ದು ನಿಲ್ಲುತ್ತಾರೆ. ಅವರನ್ನು ನಡೆಸಲು ಒಂದು ಹಿಡಿ, ಎರಡು ಗುಂಡಿ. ಬಿದ್ದರೆ ಹಾಳೆ ಬೆಳ್ಳಗಾಗುತ್ತದೆ. ತುದಿ ಮುಟ್ಟಿದವರು ಪರದೆಯ ಮೇಲೆ ಎಂದೆಂದಿಗೂ ಉಳಿಯುತ್ತಾರೆ ಎಂದು ಯಂತ್ರದ ಹಣೆಯ ಮೇಲೆ ಕೆತ್ತಿದ್ದಾರೆ. ಆದರೆ ಗಾಜು ಒಬ್ಬರ ಕೈಯ ಚಿತ್ರವನ್ನು ಜೀವಮಾನದಲ್ಲಿ ಒಂದೇ ಸಲ ತೆಗೆದುಕೊಳ್ಳುತ್ತದೆ. ಇನ್ನೊಂದು ಸಲ ಇಟ್ಟು ನೋಡಿದವರಿದ್ದಾರೆ. ಪರದೆ ಕಪ್ಪಗೇ ಇರುತ್ತದೆ.

ತುದಿಯನ್ನು ಯಾರೂ ಮುಟ್ಟಿರಲಿಲ್ಲ. ಅರ್ಧದಲ್ಲಿ ಗೋಪುರದ ಹೊರಮೈಗೆ ಅಂಟಿಕೊಂಡ ಉದ್ದನೆಯ ಮೆಟ್ಟಿಲುಗಳಿವೆ, ಅಲ್ಲಿ ಗಾಳಿ ಬೀಸುತ್ತದೆ, ಹೆಚ್ಚುಕಮ್ಮಿ ಎಲ್ಲರೂ ಅಲ್ಲೇ ಬೀಳುತ್ತಾರೆ. ಹಾಗಾಗಿ ನಮ್ಮೂರಿನಲ್ಲಿ ವಯಸ್ಸಿಗೆ ಬಂದವರೆಲ್ಲ ಬಿದ್ದವರು, ಬಿದ್ದವರೆಲ್ಲ ಸಲಹೆಗಾರರು. ಹೊಸದಾಗಿ ಬರೆದವರು ಚಿತ್ರವನ್ನು ಒಂದು ಸಂಜೆ ಮನೆ ಮುಂದೆ ದಾರಕ್ಕೆ ತೂಗುಹಾಕಬೇಕು. ಹೋಗಿ ಬರುವವರು ಅದರ ಮುಂದೆ ನಿಂತು, ಬರೆದವರನ್ನು ನೋಡದೆ, ಚಿತ್ರಕ್ಕೇ ಮಾತು ಹೇಳುತ್ತಾರೆ. ತೂಗುಹಾಕದವರನ್ನು ಶೆಡ್ಡಿನ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಾರೆ.

ನಾನು ಬರೆದದ್ದು ನನ್ನ ಚಿಕ್ಕಮ್ಮನನ್ನು. ಹೆಸರು ಹೊನ್ನಮ್ಮ. ನನ್ನನ್ನು ಸಾಕಿದವಳು. ನಮ್ಮೂರಿನ ಮನೆಗಳೆಲ್ಲ ಕಿರಿದಾಗಿ, ಮೂರು ನಾಲ್ಕು ಅಂತಸ್ತಿಗೆ ಏರಿವೆ. ಕುಡಿಯುವ ನೀರಿನ ಕ್ಯಾನುಗಳನ್ನು ಹೆಗಲ ಮೇಲಿಟ್ಟು ಮೇಲಿನ ಮನೆಗಳಿಗೆ ಮುಟ್ಟಿಸುವುದು ಅವಳ ಕೆಲಸ. ಅವಳು ಕುಳ್ಳಿ, ದಪ್ಪ, ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿರುತ್ತಾಳೆ. ಬಾಗಿಲು ತೆರೆದವರು ಒಳಗೆ ತಿರುಗಿ "ಕ್ಯಾನ್ ಬಂತು" ಅನ್ನುತ್ತಾರೆ. ಹೊನ್ನಮ್ಮ ಬಂದಳು ಅಂತ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಪರದೆಯ ಮೇಲೆ ಎಂದೆಂದಿಗೂ ಉಳಿಯುವ ಒಬ್ಬರು ಇರುವುದೇ ಆದರೆ ಅದು ಅವಳೇ ಆಗಬೇಕು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನನಗಿದ್ದ ಒಂದೇ ಅವಕಾಶವನ್ನು ಅವಳಿಗೆ ಕೊಟ್ಟಿದ್ದೆ. ಚಿತ್ರ ಬರೆಯಲು ಬರುವುದಿಲ್ಲ ಅನ್ನುವುದು ಆಗ ನನಗೆ ದೊಡ್ಡ ತೊಂದರೆಯಾಗಿ ಕಾಣಲಿಲ್ಲ.

ತೂಗುಹಾಕಿದ ಸಂಜೆ ಮೊದಲು ಬಂದವನು ಚೌಡಪ್ಪ. ಹೆಗಲ ಮೇಲೆ ಕೂದಲಂಟಿದ ಟವೆಲ್ಲು ಹಾಗೇ ಇತ್ತು. ಚಿತ್ರದ ಮುಂದೆ ಕೈಕಟ್ಟಿ ನಿಂತ.

"ಅಮ್ಮಾ ತಾಯಿ, ನಿನ್ನ ಜಡೆ ಬಿಚ್ಚಬೇಕು. ಕೂದಲು ಹಿಂದಕ್ಕೆ ಹಾರ್ತಾ ಇರಬೇಕು. ಆಗ ನೋಡು, ನಿಂತಲ್ಲೇ ಓಡಿದ ಹಾಗೆ ಕಾಣ್ತೀಯ."

"ನಿಮ್ಮದು ಎಷ್ಟನೇ ಮೆಟ್ಟಿಲಲ್ಲಿ ಬಿತ್ತು ಚೌಡಪ್ಪಣ್ಣ?" ಎಂದೆ.

"ಅದು ಬೇರೆ ವಿಷಯ ಕಣೇ ಶಕು. ಆವತ್ತು ಹಿಡಿ ಸರಿ ಇರಲಿಲ್ಲ."

ಆಮೇಲೆ ಕನ್ನಡಕದಂಗಡಿಯ ಗುಣಪಾಲ ಬಂದರು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದವರು, ಎಲ್ಲರಿಗಿಂತ ಮೇಲೆ ಹೋಗಿ ಬಿದ್ದವರು. ಅವರು ಕನ್ನಡಕ ಹಣೆಗೇರಿಸಿ, "ಸೊಂಟ ಸಣ್ಣ ಆಗಲಿ" ಎಂದಷ್ಟೇ ಹೇಳಿ ಹೋದರು. ಎದುರುಮನೆಯವರು ಕಣ್ಣು ದೊಡ್ಡದಾಗಬೇಕು ಎಂದರು. ಹಾಲಿನವನು ಸೈಕಲ್ಲಿನಿಂದ ಇಳಿಯದೆಯೇ, "ಕೈಯಲ್ಲೊಂದು ಕತ್ತಿ ಇರಲಿ!" ಎಂದು ಕೂಗಿದ. ಯಾರೋ ಬೆನ್ನಿಗೊಂದು ಮೇಲುಹೊದಿಕೆ ಕೊಟ್ಟರು. ಕತ್ತಲಾಗುವ ಮುಂಚೆ ನಾನು ಅದನ್ನು ಸುತ್ತಿ ಒಳಗಿಟ್ಟೆ. ಮನಸ್ಸಿನಲ್ಲಿ ಹೆಮ್ಮೆಯೇ ಇತ್ತು. ಇಷ್ಟೊಂದು ಜನ ನಿಂತು ನೋಡಿದ್ದರು.

ಬೆಳಿಗ್ಗೆ ಬಿಚ್ಚಿದಾಗ ಹಾಳೆಯಲ್ಲಿ ಒಬ್ಬಳು ತೆಳ್ಳಗಿನ ಹುಡುಗಿ ಕತ್ತಿ ಹಿಡಿದು ನಿಂತಿದ್ದಳು. ಕೂದಲು ಹಾರುತ್ತಿತ್ತು, ಹೊದಿಕೆ ಹಾರುತ್ತಿತ್ತು, ಕಣ್ಣುಗಳು ಬಟ್ಟಲಿನಷ್ಟಿದ್ದವು. ಕತ್ತಿಗೆ ಜಾಗ ಬೇಕಾಗಿ ನಾನು ಬರೆದಿದ್ದ ಕ್ಯಾನು ಕಾಣೆಯಾಗಿತ್ತು. ಚಿಕ್ಕಮ್ಮ ಕಾಫಿ ಲೋಟ ಹಿಡಿದು ನನ್ನ ಬೆನ್ನ ಹಿಂದೆ ಬಂದು ಬಗ್ಗಿ ನೋಡಿದಳು.

"ಚೆನ್ನಾಗಿದಾಳೆ ಕಣೇ. ಯಾರ ಮಗಳು?"

ಅವಳು ಕೊಂಕು ಮಾತಾಡಿರಲಿಲ್ಲ. ನಿಜವಾಗಿಯೂ ಕೇಳಿದ್ದಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ನಾನು ಹಾಳೆ ಎತ್ತಿಕೊಂಡು ಫಿಲೋಮಿನಾ ಟೀಚರ್ ಮನೆಗೆ ಹೋದೆ. ಅವರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮಕ್ಕಳ ಚಿತ್ರದ ಮುಂದೆ ಒಂದು ಮಾತು ಆಡಿದರೂ ಅದು ಬದಲಾಗಿಬಿಡುತ್ತದೆ, ಮಗು ಏನೂ ಕಲಿಯುವುದಿಲ್ಲ. ಅದಕ್ಕೇ ಟೀಚರ್ ಪ್ರಶ್ನೆಗಳಲ್ಲಿ ಮಾತ್ರ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಅದೂ ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು. "ಇಷ್ಟು ದಪ್ಪ ಬೇಕಾ?" ಅನ್ನುವಂಥದ್ದು ನಡೆಯುವುದಿಲ್ಲ, ಚುಚ್ಚುಮಾತು ಚಿತ್ರಗಳಿಗೂ ಅರ್ಥವಾಗುತ್ತದೆ. ಈ ಅಭ್ಯಾಸ ಕೊನೆಗೆ ಮನೆಯೊಳಗೂ ಬಂದು, ಅವರು ತರಕಾರಿಯವಳೊಂದಿಗೂ ಹಾಗೇ ಮಾತಾಡುತ್ತಿದ್ದರು. ಊರಿನಲ್ಲಿ ಅವರಿಗೆ 'ಮೊದಲನೇ ಮೆಟ್ಟಿಲ ಟೀಚರ್' ಎಂದು ಹೆಸರು. ಚಿಕ್ಕವರಿದ್ದಾಗ ಅವರ ಚಿತ್ರ ಗಾಜಿನ ಮೇಲಿಟ್ಟ ಕೂಡಲೇ ಬಿದ್ದಿತ್ತು. ಸೊಗಸಾದ ಚಿತ್ರವಂತೆ. ಪಾದ ಬರೆಯಲು ಬಾರದೆ ಸುತ್ತ ಹುಲ್ಲು ಬರೆದು ಮುಚ್ಚಿದ್ದರಂತೆ. ಗೋಪುರದಲ್ಲಿ ಹುಲ್ಲು ಇರಲಿಲ್ಲ.

ಟೀಚರ್ ಹಾಳೆಯನ್ನು ಗೋಡೆಗೆ ಒರಗಿಸಿ ದೂರ ಹೋಗಿ ಕೂತರು.

"ಇವಳು ಯಾವ ಕಾಲಿನ ಮೇಲೆ ನಿಂತಿದಾಳೆ?"

ನಾನು ನೋಡಿದೆ. ಎರಡೂ ಕಾಲಿನ ಮೇಲೆ ನಿಂತಿರಲಿಲ್ಲ. ಪಾದದ ಸುತ್ತ ನಾನು ಧೂಳು ಎಬ್ಬಿಸಿದ್ದೆ. ಅದಕ್ಕೆ ಯಾರೂ ಏನೂ ಹೇಳದ್ದರಿಂದ ಧೂಳು ಹಾಗೇ ಉಳಿದಿತ್ತು.

"ಈ ಕ್ಷಣಕ್ಕೆ ಮುಂಚೆ ಇವಳು ಏನು ಮಾಡ್ತಿದ್ದಳು?"

"ಗೊತ್ತಿಲ್ಲ ಟೀಚರ್."

ಅವರು ಎದ್ದು ಒಂದು ಮಸಿ ಕುಪ್ಪಿ ತಂದು ನನ್ನ ಕೈಗಿಟ್ಟರು. "ಮೈಯೆಲ್ಲ ಕಪ್ಪು ತುಂಬ್ತೀಯಾ?"

ಮುಖ, ಕತ್ತಿ, ಹೊದಿಕೆ ಎಲ್ಲದರ ಮೇಲೂ ಮಸಿ ಎಳೆದೆ. ಟೀಚರ್ ಒಂದು ಡಬ್ಬಿಯಿಂದ ಹಳೆಯ ಹಾಳೆಗಳನ್ನು ತೆಗೆದರು. ಶೆಡ್ಡಿನಲ್ಲಿ ಬಿದ್ದವರ ಚಿತ್ರಗಳನ್ನು ಅವರು ನೆನಪಿನಿಂದ ಕಪ್ಪು ಬೊಂಬೆಗಳ ಹಾಗೆ ಬರೆದಿಟ್ಟಿದ್ದರು. ಚೌಡಪ್ಪನದು, ಹಾಲಿನವನದು, ಎದುರುಮನೆಯವರದು. ನನ್ನದನ್ನು ಅವುಗಳ ನಡುವೆ ಸೇರಿಸಿ, ಇಸ್ಪೀಟಿನ ಎಲೆಗಳ ಹಾಗೆ ಕಲಸಿ ಹಾಸಿದರು.

"ನಿಮ್ಮ ಚಿಕ್ಕಮ್ಮ ಇದರಲ್ಲಿ ಯಾರು?"

ನನಗೆ ಗುರುತು ಹತ್ತಲಿಲ್ಲ. ಎಲ್ಲರದೂ ಒಂದೇ ಸೊಂಟ, ಒಂದೇ ಹಾರುವ ಕೂದಲು. ಬಿದ್ದವರು ಹೇಳಿದ್ದನ್ನು ಕೇಳಿ ಬಿದ್ದವರ ಸಾಲು ಅದು. ನನ್ನ ಮಸಿ ಇನ್ನೂ ಒಣಗಿರದ್ದರಿಂದ ಮುಟ್ಟಿ ನೋಡಿ ಕಂಡುಹಿಡಿಯಬೇಕಾಯಿತು.

"ಟೀಚರ್, ನಾನು ಏನು ಮಾಡಲಿ? ಒಂದು ಸಲ ನೇರವಾಗಿ ಹೇಳಿಬಿಡಿ."

"ಅವಳು ಕ್ಯಾನ್ ಎತ್ತುವುದನ್ನು ನೀನು ಯಾವತ್ತಾದರೂ ನೋಡಿದೀಯಾ ಶಕು?"

ದಿನಾ ನೋಡ್ತೀನಿ ಅನ್ನಲು ಬಾಯಿ ತೆಗೆದೆ. ಅವಳ ಯಾವ ಕೈ ಮೊದಲು ಹೋಗುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮಸಿ ಹತ್ತಿದ ಕೈ ಒರೆಸಿಕೊಂಡು ಮನೆಗೆ ಬಂದೆ.

ಮರುದಿನದಿಂದ ನಾನು ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಚಿಕ್ಕಮ್ಮನ ಹಿಂದೆ ಮೆಟ್ಟಿಲು ಹತ್ತತೊಡಗಿದೆ. ಅವಳಿಗೆ ನಾಚಿಕೆ.

"ಮುಂದೆ ಹೋಗಿ ಬರಿಯೇ. ಹಿಂದಿನಿಂದ ಏನು ಬರೀತೀಯ, ಮಾನಗೆಟ್ಟವಳೇ."

"ಮುಂದೆ ಹೋದರೆ ನೀನು ನಗ್ತೀಯಲ್ಲ."

"ನಗಬಾರದಾ? ನಿನ್ನ ಮುಖ ನೋಡಿದರೆ ನಗು ಬರುತ್ತೆ, ನಾನೇನು ಮಾಡ್ಲಿ."

ಆದರೆ ಎರಡನೇ ಅಂತಸ್ತಿನ ನಂತರ ಅವಳಿಗೆ ನನ್ನ ನೆನಪು ಇರುತ್ತಿರಲಿಲ್ಲ. ಆಗ ಕಾಣುತ್ತಿತ್ತು. ಎತ್ತುವ ಮುಂಚೆ ಅವಳು ಉಸಿರು ಎಳೆದುಕೊಳ್ಳುವುದಿಲ್ಲ, ಪೂರ್ತಿ ಹೊರಗೆ ಬಿಡುತ್ತಾಳೆ. ಎಡಗೈ ಕ್ಯಾನಿನ ಅಡಿಗೆ, ಬಲಗೈ ಕುತ್ತಿಗೆಗೆ. ಮೆಟ್ಟಿಲನ್ನು ನೇರವಾಗಿ ಹತ್ತುವುದಿಲ್ಲ, ಸ್ವಲ್ಪ ಓರೆಯಾಗಿ, ಗೋಡೆಗೆ ಬೆನ್ನು ಕೊಟ್ಟುಕೊಂಡು ಹತ್ತುತ್ತಾಳೆ. ತಿರುವಿನಲ್ಲಿ ಕ್ಯಾನು ಇಳಿಸುವುದಿಲ್ಲ. ಸೊಂಟವನ್ನು ಗೋಡೆಗೆ ಆನಿಸಿ ಭಾರವನ್ನು ಗೋಡೆಗೆ ಒಂದಿಷ್ಟು ಹೊರಿಸುತ್ತಾಳೆ. ಸಣ್ಣ ಸೊಂಟ ಇದ್ದಿದ್ದರೆ ಆನಿಸಲು ಏನೂ ಇರುತ್ತಿರಲಿಲ್ಲ. ನಾನು ಒಂದು ಗೆರೆಯನ್ನೂ ಅಳಿಸಲಿಲ್ಲ. ತಪ್ಪಾದರೆ ಪಕ್ಕದಲ್ಲೇ ಇನ್ನೊಂದು ಬರೆದೆ. ಹಾಳೆಗಳ ತುಂಬ ಚಿಕ್ಕಮ್ಮಂದಿರು, ಮುಖವಿಲ್ಲದವರು, ಕೈಯಿಲ್ಲದವರು, ಆಮೇಲಾಮೇಲೆ ಪಾದ ಇರುವವರು. ಪಾದಗಳಿಗೆ ಎಲ್ಲಕ್ಕಿಂತ ಹೆಚ್ಚು ಹಾಳೆ ಖರ್ಚಾಯಿತು. ಅವಳ ಹಿಮ್ಮಡಿ ಒಡೆದಿತ್ತು. ಹೆಬ್ಬೆರಳು ಮೆಟ್ಟಿಲನ್ನು ಕಚ್ಚಿ ಹಿಡಿಯುತ್ತಿತ್ತು.

ಎಲ್ಲ ಸೇರಿಸಿ ಒಂದು ಒಳ್ಳೆಯ ಹಾಳೆಯಲ್ಲಿ ಬರೆದು ತೋರಿಸಿದೆ. ಚಿಕ್ಕಮ್ಮ ತುಂಬ ಹೊತ್ತು ನೋಡಿದಳು.

"ಮೂಗು ಇಷ್ಟು ದಪ್ಪ ಇಲ್ಲ ನಂದು" ಅಂದಳು.

"ಚಿಕ್ಕಮ್ಮಾ!"

"ಅಯ್ಯೋ! ಬಾಯಿ ತಪ್ಪಿ ಬಂತು ಕಣೇ."

ಬೆಳಿಗ್ಗೆ ಎದ್ದರೆ ಮೂಗು ಬಟಾಣಿಯಷ್ಟಾಗಿತ್ತು. ಮತ್ತೆ ಬರೆದೆ. ಈ ಸಲ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನೋಡಿದಳು.

ಹೊಸ ಚಿತ್ರ ಎಂದ ಮೇಲೆ ಮತ್ತೆ ತೂಗುಹಾಕಲೇಬೇಕು. ಆ ಸಂಜೆ ದಾರ ಕಟ್ಟುತ್ತಿದ್ದಂತೆಯೇ ಬೀದಿಯ ತುದಿಯಲ್ಲಿ ಚೌಡಪ್ಪ, ಅವನ ಹಿಂದೆ ಎದುರುಮನೆಯವರು, ಸೈಕಲ್ ತಳ್ಳಿಕೊಂಡು ಹಾಲಿನವನು. ಆಗ ಚಿಕ್ಕಮ್ಮ ಕೆಲಸ ಮುಗಿಸಿ ಬಂದಳು. ಸೀರೆ ಎತ್ತಿ ಕಟ್ಟಿದ್ದಳು, ಕುತ್ತಿಗೆಯ ಬೆವರು ಆರಿರಲಿಲ್ಲ. ಚಿತ್ರದ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಳು. ಅಷ್ಟೇ. ಬೇರೇನೂ ಮಾಡಲಿಲ್ಲ.

ಚೌಡಪ್ಪ ಚಿತ್ರ ನೋಡಿದ. ಚಿಕ್ಕಮ್ಮನನ್ನು ನೋಡಿದ. ಮತ್ತೆ ಚಿತ್ರ ನೋಡಿದ.

"ಹೇಳು ಚೌಡಪ್ಪ" ಅಂದಳು ಚಿಕ್ಕಮ್ಮ. "ಸೊಂಟಕ್ಕೇನು ಹೇಳ್ತೀಯ?"

"ಸೊಂಟ... ಸೊಂಟಕ್ಕೇನಾಗಿದೆ ಹೊನ್ನಮ್ಮಾ, ಸೊಂಟ ಇದ್ದ ಹಾಗಿದೆ."

ಎದುರುಮನೆಯವರು ಚಿತ್ರದ ಕಣ್ಣುಗಳನ್ನು ನೋಡಿ, ನಿಜದ ಕಣ್ಣುಗಳನ್ನು ನೋಡಿ, ಒಲೆಯ ಮೇಲೆ ಸಾರು ಇಟ್ಟಿದ್ದೇನೆ ಎಂದು ವಾಪಸಾದರು. ಹಾಲಿನವನು ಕತ್ತಿಯ ಸುದ್ದಿ ಎತ್ತದೆ ಬೆಲ್ಲು ಬಾರಿಸಿಕೊಂಡು ಹೋದ. ಅಷ್ಟು ವರ್ಷ ಅವರೆಲ್ಲರ ಮನೆ ಬಾಗಿಲಿಗೆ ಹೋಗಿದ್ದವಳನ್ನು ಅವರು ಆವತ್ತು ಮೊದಲ ಸಲ ತಲೆಯಿಂದ ಕಾಲಿನವರೆಗೆ ನೋಡಿದ್ದರು ಎಂದು ನನಗನ್ನಿಸಿತು. ನಾನು ಗೆದ್ದೆ ಎಂದುಕೊಂಡು ದಾರ ಬಿಚ್ಚಲು ಹೋದಾಗ ಗುಣಪಾಲ ಬಂದರು.

ಅವರು ಚಿಕ್ಕಮ್ಮನಿಗೆ ನಮಸ್ಕಾರ ಮಾಡಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಚಿತ್ರದ ಮುಂದೆ ನಿಂತೇ ನಿಂತರು.

"ಕ್ಯಾನ್ ಖಾಲಿ ಇದೆ" ಅಂದರು ಕೊನೆಗೆ.

"ಏನಂದ್ರಿ?"

"ಎಲ್ಲ ಸರಿಯಾಗಿದೆ. ಆದರೆ ಹೊತ್ತ ಕಡೆಯ ಹೆಗಲು ಕುಸಿದಿಲ್ಲ, ಕುತ್ತಿಗೆ ಇನ್ನೊಂದು ಕಡೆ ವಾಲಿಲ್ಲ. ಕ್ಯಾನಿನಲ್ಲಿ ನೀರಿಲ್ಲ. ನೀರು ತುಂಬಿರಬೇಕು."

ನನಗೆ ಸಿಟ್ಟು ಉಕ್ಕಿ ಬಂತು. ಚಿಕ್ಕಮ್ಮ ಮಾತ್ರ ತನ್ನ ಹೆಗಲನ್ನೊಮ್ಮೆ ಮುಟ್ಟಿಕೊಂಡು, "ಹೌದಲ್ಲೇ" ಅಂದಳು.

ಬೆಳಿಗ್ಗೆ ಹಾಳೆ ಬಿಚ್ಚಿದೆ. ಒಂದು ಹೆಗಲು ಕೆಳಗಿಳಿದಿತ್ತು. ಅದಕ್ಕೆ ಎದುರಾಗಿ ಸೊಂಟ ಇನ್ನೊಂದು ಕಡೆ ಸರಿದು ಭಾರ ಹೊತ್ತಿತ್ತು. ಹೆಬ್ಬೆರಳು ಇನ್ನಷ್ಟು ಬಲವಾಗಿ ನೆಲ ಕಚ್ಚಿತ್ತು. ಕ್ಯಾನಿನೊಳಗೆ ನೀರಿನ ಗೆರೆ ಕುತ್ತಿಗೆಯ ಹತ್ತಿರ ತೆಳ್ಳಗೆ ಓರೆಯಾಗಿತ್ತು. ನಾನು ನೋಡಿಯೂ ಬಿಟ್ಟದ್ದನ್ನು ಗುಣಪಾಲ ನೋಡಿದ್ದರು. ಅವರ ಅಂಗಡಿಗೆ ಓಡಿಹೋಗಿ ಏನೋ ಹೇಳಬೇಕೆಂದುಕೊಂಡೆ. ಹೋಗಿ ನಿಂತಾಗ ಕನ್ನಡಕ ಒರೆಸುವ ಬಟ್ಟೆ ಒಂದು ಕೊಡಿ ಎಂದೆ. ಅವರು ನಕ್ಕು ಕೊಟ್ಟರು.

ಭಾನುವಾರ ಶೆಡ್ಡು ತುಂಬಿತ್ತು. ಹೊನ್ನಮ್ಮನನ್ನೇ ಬರೆದಿದ್ದಾಳಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಚಿಕ್ಕಮ್ಮ ಬರುವುದಿಲ್ಲ ಎಂದು ಹಟ ಹಿಡಿದು, ಕೊನೆಗೆ ಒಗೆದ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಟೀಚರ್ ಪಕ್ಕ ಕೂತಿದ್ದಳು. ನಾನು ಹಾಳೆಯನ್ನು ಗಾಜಿನ ಮೇಲಿಟ್ಟೆ. ಪರದೆ ಬೆಳಗಿತು. ಗೋಪುರದ ಬುಡದಲ್ಲಿ ಕ್ಯಾನು ಹೊತ್ತ ಚಿಕ್ಕಮ್ಮ ಎದ್ದು ನಿಂತಳು. ನಿಂತಳು ಅನ್ನುವುದೇ ದೊಡ್ಡದು. ಹಿಂದಿನಿಂದ ಟೀಚರ್ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು.

ಹಿಡಿ ತಳ್ಳಿದೆ. ಅವಳು ಉಸಿರು ಬಿಟ್ಟು ಹತ್ತತೊಡಗಿದಳು. ನಿಧಾನ, ಬಹಳ ನಿಧಾನ. ಕತ್ತಿಯವರು ಹಾರಿ ದಾಟುತ್ತಿದ್ದ ಕಂದಕಗಳ ಅಂಚಿನಲ್ಲಿ ಅವಳು ಓರೆಯಾಗಿ ಗೋಡೆಗೆ ಬೆನ್ನು ಕೊಟ್ಟು ಸಾಗಿದಳು. ಜನ ನಗುತ್ತಿದ್ದರು, "ಸಂಜೆಯ ಬಸ್ಸು ತಪ್ಪಿತು" ಎಂದು ಯಾರೋ ಅಂದರು. ಗಾಳಿಯ ಮೆಟ್ಟಿಲು ಬಂತು. ಗಾಳಿಗೆ ಹಿಡಿಯಲು ಅವಳಲ್ಲಿ ಹಾರುವಂಥದ್ದು ಏನೂ ಇರಲಿಲ್ಲ. ತಿರುವಿನಲ್ಲಿ ಗುಂಡಿ ಒತ್ತಿದೆ, ಸೊಂಟವನ್ನು ಗೋಡೆಗೆ ಆನಿಸಿದಳು. ಗಾಳಿ ಬಂದು ತುಂಬಿದ ಕ್ಯಾನಿಗೆ ಬಡಿದು ಹೋಯಿತು. ಅವಳು ಕದಲಲಿಲ್ಲ. ನಗು ನಿಂತಿತು. ಗುಣಪಾಲರದು ಬಿದ್ದ ಜಾಗ ಬಂತು. ಅದನ್ನೂ ದಾಟಿದಳು.

ಆಗ ಶೆಡ್ಡಿಗೆ ಶೆಡ್ಡೇ ಎದ್ದು ನಿಂತಿತು. ಒಳ್ಳೆಯ ಮನಸ್ಸಿನಿಂದಲೇ, ಪ್ರೀತಿಯಿಂದಲೇ, ಎಲ್ಲರೂ ಒಟ್ಟಿಗೆ ಕೂಗಿದರು. "ಓಡು ಹೊನ್ನಮ್ಮಾ! ಬೇಗ ಹತ್ತು! ಎಡಕ್ಕೆ ನೆಗಿ! ಕ್ಯಾನ್ ಬಿಸಾಕು!"

ಹಾಳೆ ಗಾಜಿನ ಮೇಲಿತ್ತು, ಅದಕ್ಕೆ ಎಲ್ಲವೂ ಕೇಳಿಸುತ್ತಿತ್ತು. ರಾತ್ರಿ ಕಳೆಯಲಿ, ಬೆಳಗಾಗಲಿ ಎಂದು ಕಾಯುವಷ್ಟು ಪುರಸೊತ್ತು ಆ ಗದ್ದಲದಲ್ಲಿ ಅದಕ್ಕೂ ಇರಲಿಲ್ಲ. ಪರದೆಯ ಮೇಲೆ ಚಿಕ್ಕಮ್ಮ ಓಡಲು ಹೋದಳು, ಎಡಕ್ಕೆ ವಾಲಿದಳು, ಕ್ಯಾನಿನ ಮೇಲಿನ ಕೈ ಸಡಿಲವಾಯಿತು. ನೀರು ತುಳುಕಿತು. ಒಂದು ಪಾದ ಮೆಟ್ಟಿಲಿನಿಂದ ಜಾರಿ ಗಾಳಿಯಲ್ಲಿ ತೂಗಾಡಿತು. ನಾನು ಹಿಡಿ ಎಳೆದೆ, ಅದು ನನ್ನ ಮಾತು ಕೇಳುತ್ತಿರಲಿಲ್ಲ. ಊರಿನ ಮಾತು ಕೇಳುತ್ತಿತ್ತು. ಹಾಳೆಯ ಅಂಚು ಬೆಳ್ಳಗಾಗತೊಡಗಿತು.

"ಎಲ್ಲರೂ ಬಾಯಿ ಮುಚ್ಚಿ!"

ಫಿಲೋಮಿನಾ ಟೀಚರ್ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಅವರು ಪ್ರಶ್ನೆಯಲ್ಲದ ಮಾತು ಆಡಿದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಇಡೀ ಶೆಡ್ಡು ಬಾಯಿ ಮುಚ್ಚಿತು. ಚಿತ್ರಕ್ಕೂ ಅದು ಕೇಳಿಸಿತ್ತು. ಏದುಸಿರು ಬಿಡುತ್ತಿದ್ದ ಪರದೆಯ ಚಿಕ್ಕಮ್ಮನೂ ಬಾಯಿ ಮುಚ್ಚಿದಳು. ತುಟಿ ಬಿಗಿದಳು, ಹಲ್ಲು ಕಚ್ಚಿದಳು, ಕ್ಯಾನನ್ನು ಹೆಗಲಿಗೆ ಒತ್ತಿ ಹಿಡಿದಳು. ಹಲ್ಲು ಕಚ್ಚಿದ ಅವಳನ್ನು ನಾನು ಬರೆದಿರಲಿಲ್ಲ. ಅದೊಂದು ಬೇಕಾಗಿತ್ತು. ತೂಗಾಡುತ್ತಿದ್ದ ಪಾದ ಹಿಂದಕ್ಕೆ ಬಂದು ಹೆಬ್ಬೆರಳಿನಿಂದ ಮೆಟ್ಟಿಲು ಕಚ್ಚಿತು. ಹಿಡಿ ಮತ್ತೆ ನನ್ನ ಕೈಗೆ ಬಂತು.

ಅಲ್ಲಿಂದ ಮೇಲೆ ಯಾರೂ ಕೂಗಲಿಲ್ಲ. ಟೀಚರಿಗೆ ಹೆದರಿ ಅಲ್ಲ. ಅಲ್ಲಿಂದ ಮೇಲೆ ಯಾರೂ ಬಿದ್ದಿರಲಿಲ್ಲ. ಏನು ಹೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮೂರು ಅಷ್ಟು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕಂಡೆ. ಮೆಟ್ಟಿಲು ಮುಗಿಯಿತು. ಒಂದು ಸಣ್ಣ ಬಾಗಿಲು ಬಂತು, ಅವಳು ಭುಜದಿಂದ ತಳ್ಳಿದಳು, ತೆರೆಯಿತು. ಹೊರಗೆ ತಾರಸಿ. ಅದರಾಚೆ ಬರೀ ಆಕಾಶ, ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಯಾರೂ ನೋಡಿರದ ಒಂದು ನೀಲಿ. ಹತ್ತಲು ಇನ್ನೇನೂ ಉಳಿದಿರಲಿಲ್ಲ. ನನ್ನ ಕೈಯಲ್ಲಿದ್ದ ಹಿಡಿ ಸಡಿಲವಾಗಿ ತನ್ನಷ್ಟಕ್ಕೆ ಬಿದ್ದುಕೊಂಡಿತು.

ಪರದೆಯ ಮೇಲೆ ಅವಳು ಕ್ಯಾನು ಹೊತ್ತುಕೊಂಡೇ ನಿಂತಿದ್ದಳು. ಮುಂದೇನು ಎಂದು ಅವಳಿಗೆ ತೋಚಲಿಲ್ಲ. ನಮಗೂ ತೋಚಲಿಲ್ಲ. ಗುಣಪಾಲ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಚೌಡಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. "ಈಗ ಇಳಿಯೋದು ಹೇಗೆ?" ಎಂದು ಮೆಲ್ಲಗೆ ಪಿಸುಗುಟ್ಟಿದ.

"ಯಾಕೆ ಇಳೀಬೇಕು?"

ಚಿಕ್ಕಮ್ಮ ಎದ್ದಿದ್ದಳು. ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಜನ ಸರಿದು ಜಾಗ ಬಿಟ್ಟರು. "ಹೊನ್ನಮ್ಮ ಬಂದರು, ದಾರಿ ಬಿಡ್ರೋ" ಎಂದ ಹಾಲಿನವನು. ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಅಲ್ಲಿದ್ದವಳ ಮುಖವನ್ನು, ಕುಸಿದ ಹೆಗಲನ್ನು, ಒಡೆದ ಹಿಮ್ಮಡಿಯನ್ನು ನೋಡಿದಳು. ಆಮೇಲೆ ತಂಗಿಗೆ ಹೇಳುವ ಹಾಗೆ ಹೇಳಿದಳು.

"ಇಳಿಸೇ ಅದನ್ನ. ಕೂತ್ಕೋ ಒಂದು ಗಳಿಗೆ."

ಪರದೆಯ ಮೇಲಿದ್ದವಳು ಕ್ಯಾನು ಇಳಿಸಿದಳು. ಹೆಗಲು ಮೇಲಕ್ಕೆದ್ದಿತು. ತಾರಸಿಯ ಅಂಚಿನಲ್ಲಿ ಕೂತು, ಕಾಲುಗಳನ್ನು ಆಕಾಶದೊಳಕ್ಕೆ ಇಳಿಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಶೆಡ್ಡಿನ ತಗಡುಗಳು ಕಿತ್ತು ಬರುವ ಹಾಗೆ ಶಿಳ್ಳೆ ಬಿತ್ತು. ಯಾರೋ ಚಿಕ್ಕಮ್ಮನನ್ನು ಎತ್ತಿಕೊಂಡರು, ಎತ್ತಲಾಗದೆ ಇಳಿಸಿದರು, ಇನ್ನಷ್ಟು ಜನ ಸೇರಿ ಮತ್ತೆ ಎತ್ತಿದರು. ಅವಳು ಮೇಲಿನಿಂದ "ಬಿಡ್ರೋ, ಬೀಳಿಸ್ತೀರ" ಎಂದು ಬೈಯುತ್ತಾ ನಗುತ್ತಿದ್ದಳು.

ಅವಳು ಈಗಲೂ ಅಲ್ಲೇ ಕೂತಿದ್ದಾಳೆ. ಹೊಸಬರು ಗಾಜಿನ ಮೇಲೆ ಹಾಳೆಯಿಟ್ಟಾಗ ಗೋಪುರದ ತುದಿಯಲ್ಲಿ ಎರಡು ಪಾದಗಳು ತೂಗಾಡುವುದು ಕಾಣುತ್ತದೆ. ಊರಿನವರು ದಿನಾ ಹೋಗಿ ನೋಡುತ್ತಾರೆ, ತಲೆಯೆತ್ತಿ ನೋಡಿ ಸುಮ್ಮನೆ ಬರುತ್ತಾರೆ. ಏಳು ಎಂದು ಇವತ್ತಿನವರೆಗೂ ಯಾರೂ ಅವಳಿಗೆ ಹೇಳಿಲ್ಲ.